ಸ್ಲೊವಾಕಿಯಾದ ‘ಫುಲ್ ಸ್ಕಾಲರ್‌ಶಿಪ್’ ಎಂಬ ಸುಳ್ಳು ಮತ್ತು ಇತರ ಪ್ರಶ್ನೆಗಳು

ಸ್ಲೊವಾಕ್ ಭಾಷೆ, ಸಾಹಿತ್ಯದ ಓದಿನ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಕೇಳುತ್ತವೆ. ಊರು ಬೇರೆ, ಹೆಸರು ಬೇರೆ, ಏಜೆಂಟರು ಹೇಳುವ ಸುಳ್ಳು ಮಾತ್ರ ಒಂದೇ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಉಳಿದವರು ಚಿಕ್ಕ ಉತ್ತರಕ್ಕೆ ಬೇಸರ ಮಾಡಿಕೊಳ್ಳಬಾರದು. ಮಾಡಿಕೊಂಡರೂ ಅಡ್ಡಿಯಿಲ್ಲ. ಮೊದಲು ಓದುಗರ ಪತ್ರ, ಅದರ ಕೆಳಗೆ ನನ್ನ ಉತ್ತರ.

ಧಾರವಾಡದಲ್ಲಿ ಭಾಷಾವಿಜ್ಞಾನ ಎಂ.ಎ. ಮೊದಲ ವರ್ಷದಲ್ಲಿದ್ದೇನೆ. ಸ್ಲೊವಾಕಿಯಾ ಸರ್ಕಾರದ ರಾಷ್ಟ್ರೀಯ ವಿದ್ಯಾರ್ಥಿವೇತನದಲ್ಲಿ ಅಲ್ಲಿನ ರಾಜಧಾನಿ ಬ್ರಾಟಿಸ್ಲಾವಾಕ್ಕೆ ಹೋಗಿ ಎರಡು ವರ್ಷದ ಎಂ.ಎ. ಪೂರ್ತಿ ಉಚಿತವಾಗಿ ಮಾಡಬಹುದು, ಸೀಟು ಖಾತ್ರಿ, 80 ಸಾವಿರ ಕಟ್ಟಿ ಎಂದು ಕನ್ಸಲ್ಟೆನ್ಸಿಯವರು ಹೇಳುತ್ತಿದ್ದಾರೆ. ಅಪ್ಪ ಸಾಲ ತರಲು ಸಿದ್ಧರಿದ್ದಾರೆ. ಕಟ್ಟಲೇ?

ಕಟ್ಟಬೇಡಿ. ಅಪ್ಪನಿಗೆ ಇವತ್ತೇ ಫೋನ್ ಮಾಡಿ ಹೇಳಿ.

ಈ ವಿದ್ಯಾರ್ಥಿವೇತನ ಸುಳ್ಳಲ್ಲ. 2005ರಿಂದ ನಡೆಯುತ್ತಿದೆ, ‘ಸಾಯಾ’ ಎಂಬ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಆದರೆ ಅದು ಪೂರ್ತಿ ಪದವಿಗೆ ಕೊಡುವ ಹಣವೇ ಅಲ್ಲ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ ಒಂದೋ ಎರಡೋ ಸೆಮಿಸ್ಟರ್ ಅಲ್ಲಿಗೆ ಹೋಗಿ ಬರುವವರಿಗೆ ಊಟ, ವಸತಿಯ ಖರ್ಚಿಗೆಂದು ಕೊಡುವುದು. ಎಂ.ಎ.ಯಲ್ಲಿರಬೇಕು, ಇಲ್ಲವೇ ಕನಿಷ್ಠ ಎರಡೂವರೆ ವರ್ಷ ಪದವಿ ಓದಿರಬೇಕು. ಅಲ್ಲಿನ ವಿಶ್ವವಿದ್ಯಾಲಯ ‘ಈ ವಿದ್ಯಾರ್ಥಿಯನ್ನು ತೆಗೆದುಕೊಳ್ಳುತ್ತೇವೆ’ ಎಂದು ಪತ್ರ ಕೊಡಬೇಕು. ಅರ್ಜಿಗೆ ಶುಲ್ಕವಿಲ್ಲ. ಇಷ್ಟೂ ಅವರ ಅಧಿಕೃತ ಜಾಲತಾಣದಲ್ಲಿ ಇಂಗ್ಲಿಷಿನಲ್ಲೇ ಇದೆ. ಕನ್ಸಲ್ಟೆನ್ಸಿಯವರು 80 ಸಾವಿರಕ್ಕೆ ಮಾರುತ್ತಿರುವುದು, ನಿಮ್ಮ ಹಿತ್ತಲ ಬಾವಿಯ ನೀರನ್ನು ನಿಮಗೇ ಬಾಟಲಿಯಲ್ಲಿ ತುಂಬಿಸಿ ಮಾರಿದ ಹಾಗೆ. ‘ಖಾತ್ರಿ’ ಎನ್ನುವುದಂತೂ ಹಸಿ ಸುಳ್ಳು. ಆಯ್ಕೆ ಮಾಡುವುದು ಅಲ್ಲಿನ ಸಮಿತಿ.

ಈಗ ತಾರೀಖಿನ ಲೆಕ್ಕ, ಅತಿ ಹೆಚ್ಚು ಜನ ಎಡವುವುದು ಇಲ್ಲೇ. ವರ್ಷಕ್ಕೆ ಎರಡು ಕೊನೆಯ ದಿನಗಳು: ಮುಂದಿನ ಶೈಕ್ಷಣಿಕ ವರ್ಷಕ್ಕೆ ಏಪ್ರಿಲ್ 30, ಆಗ ನಡೆಯುತ್ತಿರುವ ಶೈಕ್ಷಣಿಕ ವರ್ಷದ ಬೇಸಿಗೆ ಸೆಮಿಸ್ಟರಿಗೆ ಅಕ್ಟೋಬರ್ 31. ಬೇಸಿಗೆ ಸೆಮಿಸ್ಟರ್ ಎಂದರೆ ಅಲ್ಲಿ ಫೆಬ್ರುವರಿಗೆ ಶುರುವಾಗುವುದು, ನಮ್ಮ ಬೇಸಿಗೆ ರಜೆ ಅಂದುಕೊಳ್ಳಬೇಡಿ. ನೀವು ಮೊದಲ ವರ್ಷದಲ್ಲಿದ್ದೀರಿ, ಹಾಗಾಗಿ ಈ ಏಪ್ರಿಲ್‌ನಲ್ಲಿ ಹಾಕಿದರೆ ಮೂರನೇ ಸೆಮಿಸ್ಟರಿನ ಹೊತ್ತಿಗೆ ಹೋಗಬಹುದು. ಮುಂದಿನ ಏಪ್ರಿಲ್‌ವರೆಗೆ ಕಾದಿರೋ, ಅಲ್ಲಿ ಶೈಕ್ಷಣಿಕ ವರ್ಷ ಶುರುವಾಗುವ ಆ ಸೆಪ್ಟೆಂಬರಿಗೆ ನಿಮ್ಮ ಎಂ.ಎ. ಮುಗಿದಿರುತ್ತದೆ. ಆಗ ನೀವು ವಿದ್ಯಾರ್ಥಿಯೇ ಅಲ್ಲ, ಅರ್ಹತೆಯೂ ಇಲ್ಲ. ಕೊನೆಯ ಸೆಮಿಸ್ಟರಿನಲ್ಲಿ ಎಚ್ಚರವಾಗಿ ನನಗೆ ಬರೆಯುವವರಿಗೆ ನಾನು ಬೇರೇನೂ ಹೇಳಲಾರೆ.

ಅದಕ್ಕೂ ಮೊದಲು ನಿಮ್ಮ ವಿಭಾಗದ ಮುಖ್ಯಸ್ಥರ ಬಳಿ ಹೋಗಿ. ಒಂದು ಸೆಮಿಸ್ಟರ್ ಹೊರಗಿದ್ದರೆ ಹಾಜರಾತಿ ಏನಾಗುತ್ತದೆ, ಅಲ್ಲಿನ ಅಂಕಗಳನ್ನು ಇಲ್ಲಿ ಒಪ್ಪುತ್ತಾರೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ‘ನೋಡೋಣ ಬಿಡಮ್ಮ’ ಎಂದ ಬಾಯಿಮಾತನ್ನು ನಂಬಿ ವಿಮಾನ ಹತ್ತಬೇಡಿ. ಶಿಫಾರಸು ಪತ್ರಗಳು ಎರಡು ಬೇಕು. ಅವನ್ನು ನಿಮಗೆ ನಿಜವಾಗಿ ಪಾಠ ಮಾಡಿದವರಿಂದ ಬರೆಸಿ, ಊರಿನ ಶಾಸಕರಿಂದ ಅಲ್ಲ. ನಗಬೇಡಿ, ಶಾಸಕರ ಪತ್ರವನ್ನೂ ಕಂಡಿದ್ದೇನೆ.

ಇನ್ನು ಅಧ್ಯಯನ ಯೋಜನೆ. ‘ಸ್ಲೊವಾಕಿಯಾದ ಶ್ರೀಮಂತ ಸಂಸ್ಕೃತಿ, ತಾತ್ರಾ ಪರ್ವತಗಳ ಸೊಬಗು ನನ್ನನ್ನು ಸೆಳೆದಿದೆ’ ಎಂದು ಶುರುವಾಗುವ ಪತ್ರ ಓದಿ ಓದಿ ನನಗೇ ಸಾಕಾಗಿದೆ, ಸಮಿತಿಯವರ ಪಾಡು ಕೇಳಬೇಡಿ. ಅಲ್ಲಿಗೆ ಹೋದರಷ್ಟೇ ಆಗುವ ಕೆಲಸ ಯಾವುದು ಎಂದು ಹೇಳಿ. ಭಾಷಾವಿಜ್ಞಾನದವರಿಗೆ ಚಿನ್ನದಂಥ ವಿಷಯ ಕಣ್ಣೆದುರಿಗೇ ಇದೆ. ಆಂಟನ್ ಬೆರ್ನೊಲಾಕ್ 1787ರಲ್ಲಿ ಪಶ್ಚಿಮ ಸ್ಲೊವಾಕಿಯಾದ ಮಾತನ್ನು ಆಧರಿಸಿ ಒಂದು ಬರಹದ ಭಾಷೆಯನ್ನು ರೂಪಿಸಿದ. ಅದು ನಿಲ್ಲಲಿಲ್ಲ. 1843ರಲ್ಲಿ ಲ್ಯುದೊವೀತ್ ಶ್ತೂರ್ ಮತ್ತು ಸಂಗಡಿಗರು ಮಧ್ಯ ಸ್ಲೊವಾಕಿಯಾದ ಒಳನುಡಿಗಳನ್ನು ಆರಿಸಿಕೊಂಡರು. ಇಂದಿನ ಶಿಷ್ಟ ಸ್ಲೊವಾಕ್ ಬೆಳೆದದ್ದು ಅದರಿಂದ. ಯಾವ ಸೀಮೆಯ ಮಾತು ಪುಸ್ತಕದ ಮಾತಾಗಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬ ಜಗಳ ಧಾರವಾಡದವರಿಗೆ ನಾನು ವಿವರಿಸಬೇಕೇ? ಬ್ರಾಟಿಸ್ಲಾವಾದಲ್ಲಿ ವಿಜ್ಞಾನ ಅಕಾಡೆಮಿಯ ಶ್ತೂರ್ ಭಾಷಾವಿಜ್ಞಾನ ಸಂಸ್ಥೆ ಇದೆ, ಅದರ ನಿಘಂಟುಗಳು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ. ಮಾರ್ಟಿನ್ ಊರಿನಲ್ಲಿ ರಾಷ್ಟ್ರೀಯ ಗ್ರಂಥಾಲಯವಿದೆ. 1863ರಲ್ಲಿ ಹುಟ್ಟಿ, 1875ರಲ್ಲಿ ಆಗ ಅಲ್ಲಿ ಆಳುತ್ತಿದ್ದ ಹಂಗೇರಿ ಸರ್ಕಾರ ಮುಚ್ಚಿಸಿ, 1919ರಲ್ಲಿ ಮತ್ತೆ ಬಾಗಿಲು ತೆರೆದ ಸ್ಲೊವಾಕರ ಸಾಂಸ್ಕೃತಿಕ ಸಂಸ್ಥೆ ಮಾತಿತ್ಸಾ ಸ್ಲೊವೆನ್ಸ್ಕಾ ಇರುವುದೂ ಅದೇ ಊರಿನಲ್ಲಿ. ಇವುಗಳಲ್ಲಿ ಯಾವುದರ ಬಾಗಿಲು ಏಕೆ ತಟ್ಟುತ್ತೀರಿ ಎಂದು ಅರ್ಧ ಪುಟ ಬರೆದರೆ ತಾತ್ರಾ ಪರ್ವತಗಳನ್ನು ಅವುಗಳ ಪಾಡಿಗೆ ಬಿಡಬಹುದು.

ಪೂರ್ತಿ ಪದವಿಯೇ ಬೇಕೆಂದರೆ ದಾರಿ ಬೇರೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸ್ಲೊವಾಕ್ ಮಾಧ್ಯಮದ ಪೂರ್ಣಾವಧಿ ಕೋರ್ಸಿಗೆ, ನಿಗದಿತ ಅವಧಿಯಲ್ಲಿ ಮುಗಿಸುವವರಿಗೆ, ಬೋಧನಾ ಶುಲ್ಕವಿಲ್ಲ. ಇಂಗ್ಲಿಷ್ ಮಾಧ್ಯಮಕ್ಕೆ ಶುಲ್ಕ ಉಂಟು. ಏಜೆಂಟರು ಈ ಎರಡನ್ನೂ ಕಲಸಿ ‘ಫ್ರೀ’ ಎನ್ನುತ್ತಾರೆ. ಸ್ಲೊವಾಕ್‌ನಲ್ಲಿ ಉಪನ್ಯಾಸ ಕೇಳಿ ಅರ್ಥಮಾಡಿಕೊಳ್ಳುವಷ್ಟು ಭಾಷೆ ಬೇಕು, ಅದಕ್ಕೆ ಬ್ರಾಟಿಸ್ಲಾವಾದ ಕೊಮೆನಿಯಸ್ ವಿಶ್ವವಿದ್ಯಾಲಯ ಪೂರ್ವಸಿದ್ಧತಾ ಕೋರ್ಸ್ ನಡೆಸುತ್ತದೆ, ಅದರ ಹಣವೂ ವಸತಿಯ ಹಣವೂ ನಿಮ್ಮದೇ. ನನ್ನನ್ನು ಕೇಳಿದರೆ ಮೊದಲು ಒಂದು ಸೆಮಿಸ್ಟರ್ ಹೋಗಿ ಬನ್ನಿ. ಅಲ್ಲಿನ ಚಳಿಗಾಲ, ಊಟ, ಒಂಟಿತನ ಒಗ್ಗಿದರೆ ಪದವಿಯ ಮಾತು. ಸಾಲ ಮಾತ್ರ ಎರಡಕ್ಕೂ ಬೇಡ.

ಸ್ಲೊವಾಕ್ ಸಂಸ್ಕೃತದಿಂದ ಹುಟ್ಟಿದ ಭಾಷೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಇದೇ ವಿಷಯದಲ್ಲಿ ಪಿಎಚ್.ಡಿ. ಮಾಡಬಹುದೇ?

ಎರಡೂ ಇಂಡೋ-ಯುರೋಪಿಯನ್ ಕುಟುಂಬದವು, ಹಾಗಾಗಿ ಕೆಲವು ಹೋಲಿಕೆಗಳಿವೆ. ತಾಯಿ ಮಗಳ ಸಂಬಂಧವಿಲ್ಲ. ವಿಡಿಯೊದವರು ಹತ್ತು ಪದ ತೋರಿಸಿ ಲೈಕ್ ಗಿಟ್ಟಿಸುತ್ತಾರೆ. ನೀವು ಅದೇ ಹತ್ತು ಪದ ಹಿಡಿದು ಮಾರ್ಗದರ್ಶಕರ ಮುಂದೆ ಕೂರಬೇಡಿ.

ಸ್ಲೊವಾಕಿಯಾ, ಸ್ಲೊವೇನಿಯಾ, ಜೆಕ್, ಎಲ್ಲ ಒಂದೇ ಅಲ್ಲವೇ?

ಅಲ್ಲ. ಅರ್ಜಿಯಲ್ಲಿ ದೇಶದ ಹೆಸರು ತಪ್ಪಾಗಿ ಬರೆದವರನ್ನು ಯಾರೂ ಎರಡನೇ ಸಲ ಓದುವುದಿಲ್ಲ.

2025ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರಿಗೆ ಸ್ಲೊವಾಕಿಯಾದ ನಿತ್ರಾ ಊರಿನ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ನಾನು ಸಮಾಜಸೇವಕ. ಅಲ್ಲಿಂದ ಆನ್‌ಲೈನಿನಲ್ಲಿ ಗೌರವ ಡಾಕ್ಟರೇಟ್ ಕೊಡಿಸುವವರು ಪರಿಚಯವಾಗಿದ್ದಾರೆ.

ಪರಿಚಯ ಮುರಿದುಕೊಳ್ಳಿ.

ನಾವು ಪಿಟ್ಸ್‌ಬರ್ಗ್‌ನಲ್ಲಿರುವ ಕನ್ನಡಿಗರು. ಮಗಳಿಗೆ ಸ್ಲೊವಾಕ್ ಕಲಿಯುವ ಹುಚ್ಚು. ಯುರೋಪಿಗೇ ಕಳಿಸಬೇಕೇ?

ಮನೆಯ ಪಕ್ಕದಲ್ಲೇ ಇಟ್ಟುಕೊಂಡು ಕೇಳುತ್ತಿದ್ದೀರಲ್ಲ! ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 1990ರಿಂದ ಸ್ಲೊವಾಕ್ ಅಧ್ಯಯನ ನಡೆಯುತ್ತಿದೆ, ಅಮೆರಿಕದಲ್ಲಿ ಅಂಥದ್ದು ಸಿಗುವುದೇ ಅಪರೂಪ. 1918ರಲ್ಲಿ ಜೆಕ್ ಮತ್ತು ಸ್ಲೊವಾಕ್ ವಲಸಿಗರ ಸಂಘಗಳು ಜೆಕೊಸ್ಲೊವಾಕಿಯಾ ಎಂಬ ಒಂದೇ ದೇಶ ಕಟ್ಟುವ ಒಪ್ಪಂದಕ್ಕೆ ಸಹಿ ಹಾಕಿದ ಊರು ನಿಮ್ಮದು. ಅಲ್ಲಿ ನಡೆಯುವ ಸ್ಲೊವಾಕ್ ಹಬ್ಬಕ್ಕೆ ಮಗಳನ್ನು ಕರೆದುಕೊಂಡು ಹೋಗಿ. ಹುಚ್ಚು ಉಳಿಯುತ್ತದೋ ಇಳಿಯುತ್ತದೋ ಅಲ್ಲೇ ಗೊತ್ತಾಗುತ್ತದೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಪದವಿ ಬೇಡ, ಭಾಷೆ ಸಾಕು. ಬೇಸಿಗೆ ಶಾಲೆ ಇದೆಯಂತೆ?

ಇದೆ. ಕೊಮೆನಿಯಸ್ ವಿಶ್ವವಿದ್ಯಾಲಯದ ‘ಸ್ತುದಿಯಾ ಅಕಾದೆಮಿಕಾ ಸ್ಲೊವಾಕಾ’ 1965ರಿಂದ ನಡೆಯುತ್ತಿದೆ, ಆಗಸ್ಟ್‌ನಲ್ಲಿ ಮೂರು ವಾರ, ಬ್ರಾಟಿಸ್ಲಾವಾದಲ್ಲಿ. ಏನೂ ಬಾರದವರನ್ನೂ ಸೇರಿಸಿಕೊಳ್ಳುತ್ತಾರೆ. ಆದರೂ ಬರಿಗೈಯಲ್ಲಿ ಹೋಗಬೇಡಿ. ‘ಕ್ರೀಜೊಮ್-ಕ್ರಾಜೊಮ್’ ಪಠ್ಯದ ಮೊದಲ ಭಾಗ ತರಿಸಿ ಮುಗಿಸಿಕೊಂಡು ಹೋಗಿ, ಇಲ್ಲವಾದರೆ ಆ ಮೂರು ವಾರ ಅಕ್ಷರದ ಮೇಲಿನ ಗುರುತುಗಳನ್ನು ಗುರುತಿಸುವುದರಲ್ಲೇ ಕಳೆದುಹೋಗುತ್ತದೆ. ವಿಭಕ್ತಿ ಆರಿವೆ, ಕನ್ನಡದವರು ಅದಕ್ಕೆ ಹೆದರಬೇಕಿಲ್ಲ. ಸ್ವಂತ ಖರ್ಚಿನಲ್ಲಿ ಹೋಗುವ ಲೆಕ್ಕ ಹಾಕಿಕೊಳ್ಳಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾದ ಕೆಲಸವನ್ನು ವಸಂತದಲ್ಲೇ ಹಿಡಿಯಿರಿ, ಜುಲೈ ಕೊನೆಯ ವಾರ ‘ಅಪಾಯಿಂಟ್‌ಮೆಂಟ್ ಸಿಗುತ್ತಿಲ್ಲ, ಏನಾದರೂ ಮಾಡಿ ಸರ್’ ಎಂದು ನನಗೆ ಬರೆದರೆ ಉತ್ತರ ಬರುವುದಿಲ್ಲ.