ಹನ್ನೊಂದು ಸಂಕಟ ಬೇಡ, ಒಂದನ್ನೇ ಪೂರ್ತಿ ಬರೆಯಿರಿ

ಗುಳೇದಗುಡ್ಡದ ಸಹೋದರರಿಗೆ ವಂದನೆಗಳು.

‘ಕಷ್ಟಕಾಲದಲ್ಲಿ ಸಭೆಯ ಚರಿತ್ರೆ ಕೊಡುವ ನಿರೀಕ್ಷೆ’ ಎಂಬ, ಕ್ರೈಸ್ತ ಸಭೆಯ ಕುರಿತ ನಿಮ್ಮ ಲೇಖನ ಬೆಳಗಾವಿಯ ನಮ್ಮ ಪತ್ರಿಕೆಯ ಕಚೇರಿಗೆ ತಲುಪಿತು. ಈಗಿರುವ ರೂಪದಲ್ಲಿ ಅಚ್ಚು ಹಾಕಲಾರೆವು. ಆದರೆ ವಿಷಯ ಕೈಬಿಡಬೇಡಿ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನೀರಿಗೆ ಮನೆ ಕಳೆದುಕೊಂಡವರು, ಮಗ್ಗ ನಿಲ್ಲಿಸಿ ಕೂತವರು ನಮ್ಮ ಓದುಗರು. ಅವರಿಗೆ ಇದು ಬೇಕೇ ಬೇಕು.

ರೋಮಿನ ಚಕ್ರವರ್ತಿ ನೀರೋನಿಂದ ಕೊರೊನಾವರೆಗೆ ಹನ್ನೊಂದು ಸಂಕಟ ಹೇಳಿದ್ದೀರಿ. ಒಂದಕ್ಕೊಂದು ಪ್ಯಾರಾ, ಪ್ರತಿ ಪ್ಯಾರಾದ ಕೊನೆಗೆ ‘ಆದರೂ ಸಭೆ ಜಯಿಸಿತು’. ಮೂರನೆಯದಕ್ಕೆ ಬರುವಷ್ಟರಲ್ಲಿ ಓದುಗನಿಗೆ ಕೊನೆ ಮೊದಲೇ ಗೊತ್ತಾಗಿಬಿಡುತ್ತದೆ. ಆ ಕಾಲದಲ್ಲಿ ಬದುಕಿದವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅವರು ಬೆಳಿಗ್ಗೆ ಎದ್ದು ಏನು ಮಾಡಿದರು? ನಿರೀಕ್ಷೆ ಇರುವುದು ಅಲ್ಲಿ, ನೀವು ಬಿಟ್ಟಿರುವುದೂ ಅದನ್ನೇ.

‘ಡೇಸಿಯಸ್ ಹಿಂಸಿಸಿದನು, ವಿಶ್ವಾಸಿಗಳು ಕದಲಲಿಲ್ಲ’ ಎಂದು ಬರೆದಿದ್ದೀರಿ. ಕದಲಿದರು. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿಯಾಗಿದ್ದ ಡೇಸಿಯಸನ ಆಜ್ಞೆಯಂತೆ ಜನ ದೇವತೆಗಳಿಗೆ ಬಲಿ ಅರ್ಪಿಸಿ ಅಧಿಕಾರಿಗಳಿಂದ ಚೀಟಿ ಪಡೆಯಬೇಕಿತ್ತು. ಅಂಥ ನಲವತ್ತಕ್ಕೂ ಹೆಚ್ಚು ಪಪೈರಸ್ ಚೀಟಿಗಳು ಈಜಿಪ್ಟಿನಲ್ಲಿ ಸಿಕ್ಕಿವೆ: ಅರ್ಜಿದಾರನ ಹೆಸರು, ಊರು, ಬಲಿ ಕೊಟ್ಟು ಅದರ ಮಾಂಸ ತಿಂದಿದ್ದೇನೆಂಬ ಹೇಳಿಕೆ, ಕೆಳಗೆ ಸಾಕ್ಷಿಗಳ ರುಜು. ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಬಹಳಷ್ಟು ಕ್ರೈಸ್ತರು ಬಲಿ ಕೊಟ್ಟರು. ಕೆಲವರು ಲಂಚ ಕೊಟ್ಟು ಚೀಟಿ ಮಾತ್ರ ಕೊಂಡರು. ಅಲ್ಲಿಯ ಬಿಷಪ್ ಸಿಪ್ರಿಯನ್ ಊರು ಬಿಟ್ಟು ಅಡಗಿದರು, ಅದಕ್ಕಾಗಿ ಟೀಕೆಯನ್ನೂ ಕೇಳಿದರು. 251ರಲ್ಲಿ ಕೂಡಿದ ಬಿಷಪರು ಚೀಟಿ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿ, ಪಶ್ಚಾತ್ತಾಪ ನೋಡಿ ಸೇರಿಸಿಕೊಂಡರು. ಬಲಿ ಕೊಟ್ಟವರನ್ನು ಸೇರಿಸಿಕೊಳ್ಳುವುದು ಸಾಯುವಾಗ ಮಾತ್ರ ಎಂದರು. ಮತ್ತೊಂದು ಹಿಂಸೆಯ ಸುಳಿವು ಸಿಕ್ಕಾಗ ಆ ಬಿಗಿಯನ್ನೂ ಸಡಿಲಿಸಿದರು. ಅದೇ ಹೊತ್ತಿಗೆ ಊರಿಗೆ ಸಾಂಕ್ರಾಮಿಕ ಬಿತ್ತು. ಸಿಪ್ರಿಯನ್ ಜನರನ್ನು ಕೂಡಿಸಿ, ಕ್ರೈಸ್ತರಲ್ಲದವರನ್ನೂ ನೋಡಿಕೊಳ್ಳಿ ಎಂದು ಕೆಲಸ ಹಂಚಿದರು. ಹಣವಿಲ್ಲದವರು ಮೈಮುರಿದು ದುಡಿದರು. 258ರ ಸೆಪ್ಟೆಂಬರ್ 14ರಂದು ಕಾರ್ಥೇಜಿನಲ್ಲೇ ಸಿಪ್ರಿಯನರ ಶಿರಚ್ಛೇದವಾಯಿತು. ಈ ಎಂಟು ವರ್ಷವೇ ಒಂದು ಲೇಖನಕ್ಕೆ ಧಾರಾಳ. ಬಿದ್ದವರನ್ನು ಮುಚ್ಚಿಟ್ಟರೆ, ತಾನೇ ಬಿದ್ದಿರುವ ಓದುಗ ಇದು ನನಗಲ್ಲ ಎಂದು ಪುಟ ತಿರುವುತ್ತಾನೆ.

‘ನಾಳೆ ಲೋಕ ಮುಗಿದರೂ ಇಂದು ಸೇಬಿನ ಗಿಡ ನೆಡುವೆ’ ಎಂಬುದನ್ನು ತೆಗೆಯಿರಿ. ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರರ ಮಾತೆಂದು ಅದನ್ನು ಹೇಳುತ್ತಾರೆ, ಆದರೆ ಅವರ ಬರಹಗಳಲ್ಲಿ ಅದು ಎಲ್ಲೂ ಇಲ್ಲ. ಸಿಕ್ಕಿರುವ ಮೊದಲ ದಾಖಲೆ 1944ರದು. ಅದರ ಬದಲು ಬರೆಯಲು 1527ರ ಘಟನೆ ಇದೆ. ಅವರಿದ್ದ ವಿಟೆನ್‌ಬರ್ಗಿಗೆ ಪ್ಲೇಗ್ ಬಂದು ವಿಶ್ವವಿದ್ಯಾಲಯ ಯೇನಾಕ್ಕೆ ಹೋದಾಗ ಲೂಥರ್ ಅಲ್ಲೇ ಉಳಿದರು. ಓಡಿಹೋಗಬಹುದೇ ಎಂಬ ಪ್ರಶ್ನೆಗೆ ಅವರು ಬರೆದ ಪತ್ರದಲ್ಲಿ ಔಷಧ ತಗೊಳ್ಳಿ, ಮನೆಗೆ ಹೊಗೆ ಹಾಕಿ, ಕೆಲಸವಿಲ್ಲದ ಕಡೆ ಹೋಗಬೇಡಿ ಎಂಬ ಮಾತಿದೆ. ಆದರೆ ಸಭಾಪಾಲಕರಂಥ ಹೊಣೆಯಿರುವವರು ಜಾಗ ಬಿಡಬಾರದು ಎಂದೂ ಇದೆ.

ಈಗ ನಿಮ್ಮ ಕೊನೆಯ ಸಾಲು: ‘ನಮ್ಮ ಭಾಗದ ಸಭೆಯೂ ಕಷ್ಟ ಉಂಡಿದೆ.’ ಇಲ್ಲಿಗೆ ನಿಲ್ಲಿಸಿದ್ದು ನನಗೆ ಬಹಳ ಬೇಸರ ತಂದಿತು. ನಿಮ್ಮೂರಿನಲ್ಲೇ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಕೆಲಸ ಮಾಡಿತ್ತು. 1876–78ರ ಬರ ಈ ಸೀಮೆಯನ್ನೇ ಸುಟ್ಟಿತು. ಹುಡುಕುವಾಗ ಬಾಗಲಕೋಟೆ, ವಿಜಯಪುರ ಜಿಲ್ಲೆ ಎಂದು ನೋಡಿದರೆ ಸಿಗುವುದು ಕಷ್ಟ. ಆಗ ಇದು ಕಲಾದಗಿ ಜಿಲ್ಲೆ. ಕೇಂದ್ರ ಬಿಜಾಪುರಕ್ಕೆ ಹೋದದ್ದು 1885ರ ಸುಮಾರಿಗೆ. ಮಿಷನ್ನಿನ ಇಂಗ್ಲಿಷ್ ವಾರ್ಷಿಕ ವರದಿಗಳಿಂದ ಶುರುಮಾಡಿ. ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಮಿಷನ್ನಿನ ದಾಖಲೆಗಳಿವೆ. ಒಂದು ವರ್ಷದ ಸುದ್ದಿ ಮರುವರ್ಷದ ವರದಿಯಲ್ಲಿ ಇರುತ್ತದೆ, ಹಾಗಾಗಿ 1879ರ ತನಕ ನೋಡಿ. ಸಭೆಯ ಹಳೆಯ ರಿಜಿಸ್ಟರುಗಳು ಉಳಿದಿದ್ದರೆ ಹಿರಿಯರ ಅನುಮತಿ ಕೇಳಿ, ಸಮಾಧಿ ಮತ್ತು ದೀಕ್ಷಾಸ್ನಾನ (ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ) ಎರಡನ್ನೂ ತಿಂಗಳುವಾರು ಎಣಿಸಿ, ಬರಕ್ಕೆ ಹಿಂದಿನ ಮೂರು ವರ್ಷಗಳ ಜೊತೆ ಹೋಲಿಸಿ. ವಯಸ್ಸಿನ ಕಾಲಂ ಬಿಡಬೇಡಿ. ಮಕ್ಕಳ ಸಾವು ಅಲ್ಲೇ ಕಾಣುತ್ತದೆ.

ಬರದಲ್ಲಿ ದೀಕ್ಷಾಸ್ನಾನ ಏರಿದ್ದರೆ ಅದನ್ನು ಜಯವೆಂದು ಬರೆಯಬೇಡಿ. ಕೂಳಿಗಾಗಿ ಬಂದರೆಂದು ಪಕ್ಕದ ಮನೆಯವರು ಕೇಳುತ್ತಾರೆ, ಆ ಪ್ರಶ್ನೆ ನ್ಯಾಯವಾದದ್ದು. ಯಾರು ಬಂದರು, ಯಾವ ವಯಸ್ಸಿನವರು, ಬರ ಮುಗಿದ ಮೇಲೆ ಎಷ್ಟು ಜನ ಉಳಿದರು ಎಂದು ಬರೆದು, ಗೊತ್ತಾದಷ್ಟಕ್ಕೆ ನಿಲ್ಲಿಸಿ. ಹೆಸರು ಮಾತ್ರ ಅಚ್ಚಿಗೆ ಬೇಡ, ಅವರ ಮರಿಮಕ್ಕಳು ಅದೇ ಓಣಿಯಲ್ಲಿರಬಹುದು.

ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಎನ್ನುವ ಬೈಬಲಿನ ವಚನ ರೋಮಾ 8:28ನ್ನು ನಾಲ್ಕು ಕಡೆ ಹಾಕಿದ್ದೀರಿ, ಮೂರನ್ನು ತೆಗೆಯಿರಿ. ಬೈಬಲಿನ ‘ಪ್ರಲಾಪಗಳು’ ಪುಸ್ತಕದಲ್ಲಿ ಕೃಪೆಯ ಮಾತು ಮೂರನೆಯ ಅಧ್ಯಾಯದ ನಡುವೆ ಬರುತ್ತದೆ, ಆಮೇಲೂ ಎರಡು ಅಧ್ಯಾಯ ಅಳು ಮುಂದುವರಿಯುತ್ತದೆ. ನಿಮ್ಮ ಲೇಖನಕ್ಕೂ ಆ ಕ್ರಮ ಹೊಂದುತ್ತದೆ.

ಕಾರ್ಥೇಜ್ ಇಲ್ಲವೇ ಕಲಾದಗಿ, ಎರಡರಲ್ಲಿ ಒಂದನ್ನು ಆರಿಸಿ, ಒಂಬೈನೂರು ಶಬ್ದಗಳೊಳಗೆ ಕಳಿಸಿ. ಕಲಾದಗಿಯಾದರೆ ರಿಜಿಸ್ಟರಿನ ಎಣಿಕೆಯ ಹಾಳೆಯನ್ನೂ ಜೊತೆಗಿಡಿ. ಅಚ್ಚಿಗೆ ಹೋಗುವ ಮುನ್ನ ನಾವೂ ಕೂಡಿಸಿ ನೋಡುತ್ತೇವೆ.

ಸಂಪಾದಕ