47ರ ಅಮ್ಮ ಹತ್ತನೇ ಕ್ಲಾಸ್ ಕಟ್ಟಬೇಕು ಅಂದರೆ ಎಲ್ಲಿಂದ ಶುರು ಮಾಡೋದು?

ನೀವು ಕೇಳಿರೋದು ಇಷ್ಟು: ಮದ್ದೂರು ತಾಲ್ಲೂಕಿನ ಹಳ್ಳಿ, ಅಮ್ಮನಿಗೆ 47 ವರ್ಷ, ಏಳನೇ ಕ್ಲಾಸಿನಲ್ಲಿ ಶಾಲೆ ಬಿಡಿಸಿದ್ದರು, ಈಗ ಹತ್ತನೇ ಕ್ಲಾಸ್ ಕಟ್ಟುವ ಆಸೆ. ಆದರೆ ಹತ್ತು ನಿಮಿಷ ಓದಿದರೆ ತಲೆನೋವು, ಇಂಗ್ಲಿಷ್ ಮತ್ತು ಲೆಕ್ಕ ಅಂದರೆ ಭಯ, ಅಪ್ಪ ‘ಈಗ್ಯಾಕೆ’ ಅಂತಾರೆ, ಊರವರು ಆಡಿಕೊಳ್ಳುತ್ತಾರೆ ಅನ್ನೋ ಅಳುಕು. ಪಕ್ಕದ ಮನೆಯ ಚಿಕ್ಕಮ್ಮನಿಗೆ ಅಕ್ಷರವೇ ಬರಲ್ಲ, ಅವರೂ ‘ಜೊತೆಗೆ ಕೂರ್ತೀನಿ’ ಅಂತಿದ್ದಾರೆ.

ಕಣ್ಣಿನಿಂದ ಶುರು ಮಾಡಿ. ಈ ವಯಸ್ಸಿನವರು ‘ತಲೆಗೆ ಹತ್ತಲ್ಲ’ ಅಂತ ಪುಸ್ತಕ ಮುಚ್ಚಿದರೆ ನಾನು ಮೊದಲು ಅನುಮಾನ ಪಡೋದು ಚಾಳೀಸನ್ನ. 40 ದಾಟಿದ ಮೇಲೆ ಕಣ್ಣಿನ ಒಳಗಿನ ಮಸೂರ ಗಡುಸಾಗುತ್ತೆ, ಹತ್ತಿರದ ಅಕ್ಷರ ಮಸುಕಾಗುತ್ತೆ. ದೂರದ್ದು ಚೆನ್ನಾಗಿಯೇ ಕಾಣೋದರಿಂದ ಅವರಿಗೇ ಅದು ಗೊತ್ತಾಗಿರಲ್ಲ. ಅಮ್ಮನ ಕೈಗೆ ಪೇಪರ್ ಕೊಟ್ಟು ನೋಡಿ. ಓದುತ್ತಾ ಓದುತ್ತಾ ಕೈ ದೂರ ಚಾಚಿದರೆ, ಇಲ್ಲವೇ ಪೇಪರನ್ನ ಬೆಳಕಿನ ಕಡೆ ತಿರುಗಿಸಿದರೆ ಕನ್ನಡಕ ಬೇಕು ಅಂತಲೇ ಅರ್ಥ. ಈ ವಯಸ್ಸಿಗೆ ಸಾಮಾನ್ಯವಾಗಿ +1.25ರಿಂದ +2ರ ಆಸುಪಾಸು ಬರುತ್ತೆ. ಸಂತೆಯಲ್ಲಿ ಸಿಗೋ ಕನ್ನಡಕದಲ್ಲಿ ಎರಡು ಕಣ್ಣಿಗೂ ಒಂದೇ ಪವರ್ ಇರುತ್ತೆ, ಅವರ ಎರಡು ಕಣ್ಣು ಬೇರೆ ಬೇರೆ ಇದ್ದರೆ ತಲೆನೋವು ಉಳಿದೇ ಉಳಿಯುತ್ತೆ. ಹಾಗಾಗಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ, ಜೊತೆಗೇ ಬಿಪಿ ಮತ್ತು ರಕ್ತದಲ್ಲಿನ ಹಿಮೋಗ್ಲೋಬಿನ್ ನೋಡಿಸಿ. ಓದುವ ಜಾಗದಲ್ಲಿ 9 ವಾಟ್‌ನ ಎಲ್‌ಇಡಿ ಬಲ್ಬು ಎಡಭುಜದ ಹಿಂದಿನಿಂದ ಬೆಳಕು ಬೀಳೋ ಹಾಗೆ ಇರಲಿ, ಬರೆಯುವ ಕೈಯ ನೆರಳು ಪುಟದ ಮೇಲೆ ಬೀಳಬಾರದು.

ಎರಡನೆಯದು ಕಾಗದ ಪತ್ರ. ಅರ್ಜಿ ಹಾಕೋದಕ್ಕೂ ಮೊದಲೇ ಇದನ್ನ ಮಾಡಿ, ಯಾಕಂದರೆ ಓದು ಮುಗಿದ ಮೇಲೂ ಜನ ಒದ್ದಾಡೋದು ಇಲ್ಲೇ. ಅಮ್ಮ ಓದಿದ ಶಾಲೆಗೆ ಹೋಗಿ ದಾಖಲಾತಿ ರಿಜಿಸ್ಟರಿನಲ್ಲಿ ಅವರ ಹೆಸರು ಹುಡುಕಿಸಿ ವರ್ಗಾವಣೆ ಪತ್ರ ಕೇಳಿ. ಶಾಲೆ ಮುಚ್ಚಿದ್ದರೆ ಅಥವಾ ಬೇರೆ ಶಾಲೆಗೆ ಸೇರಿಸಿದ್ದರೆ ರಿಜಿಸ್ಟರ್ ಎಲ್ಲಿದೆ ಅಂತ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಈಗ ಅದನ್ನ ಆಧಾರ್ ಪಕ್ಕ ಇಟ್ಟು ನೋಡಿ. ಶಾಲೆಯಲ್ಲಿ ಜಯಲಕ್ಷ್ಮಿ, ಆಧಾರಿನಲ್ಲಿ ಜಯಮ್ಮ. ಅಲ್ಲಿ ಅಪ್ಪನ ಇನಿಷಿಯಲ್, ಇಲ್ಲಿ ಗಂಡನ ಹೆಸರು. ಆಧಾರಿನಲ್ಲಿ ಹುಟ್ಟಿದ ದಿನ ಜನವರಿ 1. ನಮ್ಮ ಕಡೆ ಈ ವಯಸ್ಸಿನ ಹೆಣ್ಣುಮಕ್ಕಳ ದಾಖಲೆ ಬಹಳಷ್ಟು ಹೀಗೇ ಇರುತ್ತೆ. ಆಧಾರಿನಲ್ಲಿ ಹುಟ್ಟಿದ ದಿನಾಂಕವನ್ನ ಒಂದೇ ಸಲ ತಿದ್ದಿಸಬಹುದು, ಹೆಸರನ್ನ ಎರಡು ಸಲ. ಅದಕ್ಕೇ ಶಾಲೆಯ ದಾಖಲೆ ಕೈಗೆ ಬರೋ ತನಕ ಆಧಾರ್ ಮುಟ್ಟಬೇಡಿ. ಅದು ಬಂದ ಮೇಲೆ ಅದಕ್ಕೆ ಹೊಂದೋ ಹಾಗೆ ಒಂದೇ ಸಲ ಸರಿ ಮಾಡಿಸಿ, ಆಮೇಲೆ ಪರೀಕ್ಷೆಗೆ ಅರ್ಜಿ ಹಾಕಿ. ಅಂಕಪಟ್ಟಿಯಲ್ಲಿ ತಪ್ಪು ಹೆಸರು ಅಚ್ಚಾದರೆ ಮತ್ತೆ ವರ್ಷಗಟ್ಟಲೆ ಅಲೆದಾಟ.

ಈಗ ಯಾವ ಪರೀಕ್ಷೆ ಅನ್ನೋದು. ದಾರಿ ಎರಡಿವೆ. ಒಂದು, ರಾಜ್ಯ ಮಂಡಳಿಯ ಎಸ್ಸೆಸ್ಸೆಲ್ಸಿಯನ್ನ ಖಾಸಗಿ ಅಭ್ಯರ್ಥಿಯಾಗಿ ಬರೆಯೋದು. ಇದರ ಅನುಕೂಲ ಅಂದರೆ ಪುಸ್ತಕ ಊರಿನ ಎಲ್ಲ ಮಕ್ಕಳ ಹತ್ತಿರ ಇರುತ್ತೆ, ಹೈಸ್ಕೂಲ್ ಮೇಷ್ಟ್ರಿಗೆ ಪಾಠ ಬಾಯಿಪಾಠವಾಗಿರುತ್ತೆ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತೆ. ತೊಡಕು ಅಂದರೆ ಆರು ವಿಷಯ, ಅದರಲ್ಲಿ ಗಣಿತ, ವಿಜ್ಞಾನ ತಪ್ಪಿಸೋಕಾಗಲ್ಲ, ಇಂಗ್ಲಿಷೂ ಎದುರಾಗುತ್ತೆ. ಇನ್ನೊಂದು, ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್. ಅಲ್ಲಿ ಕನಿಷ್ಠ ವಯಸ್ಸು 14, ಮೇಲ್ಮಿತಿ ಇಲ್ಲ. ಐದು ವಿಷಯ ಪಾಸಾದರೆ ಸಾಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು, ಆ ಭಾಷೆ ಕನ್ನಡವೇ ಆಗಬಹುದು. ಇಂಗ್ಲಿಷ್ ಆಗಲಿ ಗಣಿತವಾಗಲಿ ಕಡ್ಡಾಯವಲ್ಲ. ನೋಂದಣಿ ಐದು ವರ್ಷ ನಡೆಯುತ್ತೆ, ಅಷ್ಟರಲ್ಲಿ ಒಂಬತ್ತು ಅವಕಾಶ. ಏಪ್ರಿಲ್-ಮೇ ಒಂದು ಸಲ, ಅಕ್ಟೋಬರ್-ನವೆಂಬರ್ ಒಂದು ಸಲ ಪರೀಕ್ಷೆ. ಒಂದೊಂದು ಸಲಕ್ಕೆ ಒಂದೋ ಎರಡೋ ವಿಷಯ ಬರೆದರೂ ಆಗುತ್ತೆ, ಪಾಸಾದದ್ದು ಹಾಗೇ ಉಳಿಯುತ್ತೆ.

ನಿಮ್ಮ ಅಮ್ಮನಿಗೆ ನಾನು ಎನ್‌ಐಒಎಸ್ ಅನ್ನೇ ಹೇಳ್ತೀನಿ. ಮೊದಲ ಸಲ ಕನ್ನಡ ಮತ್ತು ಸಮಾಜ ವಿಜ್ಞಾನ ಎರಡೇ ಬರೆಯಲಿ. ಮೊದಲ ಫಲಿತಾಂಶದಲ್ಲಿ ‘ಪಾಸ್’ ಅನ್ನೋದನ್ನ ನೋಡಿದ ಮೇಲೆ ಉಳಿದ ಮೂರಕ್ಕೆ ಧೈರ್ಯ ತಾನಾಗೇ ಬರುತ್ತೆ. ಗೃಹ ವಿಜ್ಞಾನ ಒಳ್ಳೆಯ ವಿಷಯ, ಆದರೆ ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು, ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಆರಿಸುವ ಪ್ರತಿ ವಿಷಯಕ್ಕೂ ಕನ್ನಡದಲ್ಲಿ ಪುಸ್ತಕ ಇದೆಯಾ ಅಂತ ವೆಬ್‌ಸೈಟಿನಲ್ಲಿ ಕಣ್ಣಾರೆ ನೋಡಿಕೊಂಡೇ ಟಿಕ್ ಮಾಡಿ. ಟಿಎಂಎ (ಟ್ಯೂಟರ್ ಮಾರ್ಕ್ಡ್ ಅಸೈನ್‌ಮೆಂಟ್) ಅಂತ ಮನೆಯಲ್ಲೇ ಬರೆದು ಕಳಿಸೋ ಉತ್ತರಗಳಿವೆ, ಅವಕ್ಕೆ 20 ಶೇಕಡಾ ಅಂಕ. ಕೊನೆಯ ದಿನಾಂಕ ಕ್ಯಾಲೆಂಡರಿನಲ್ಲಿ ಬರೆದಿಡಿ, ಪಾಸಿಗೆ 33 ಬೇಕಾದ ಕಡೆ ಆ 20ನ್ನ ಬಿಟ್ಟುಕೊಡಬಾರದು. ಇನ್ನೊಂದು ಮಾತು: ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸಿದರೆ ಅಮ್ಮನದೋ ನಿಮ್ಮದೋ ಮೊಬೈಲ್ ನಂಬರನ್ನೇ ಹಾಕಿಸಿ. ಅಂಗಡಿಯವರ ನಂಬರ್ ಹಾಕಿದರೆ ಹಾಲ್ ಟಿಕೆಟ್ ತೆಗೆಯೋ ಹೊತ್ತಿಗೆ ಒಟಿಪಿ ಅವರ ಫೋನಿಗೆ ಹೋಗುತ್ತೆ. ‘ಬರೆಯೋದೇ ಬೇಡ, ಮಾರ್ಕ್ಸ್ ಕಾರ್ಡ್ ಕೊಡಿಸ್ತೀವಿ’ ಅನ್ನೋರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಲೆಕ್ಕ ಪರೀಕ್ಷೆಗೆ ಬೇಡವಾದರೂ ಬಿಡಬೇಡಿ. ಭಯ ಇರೋದು ಲೆಕ್ಕದ ಮೇಲಲ್ಲ, ಅದನ್ನ ಬರೆಯೋ ರೀತಿಯ ಮೇಲೆ. ಹಾಲಿನ ಡೈರಿಯ ಚೀಟಿ ತೆಗೆದುಕೊಳ್ಳಿ. 6.5 ಲೀಟರ್, ಲೀಟರಿಗೆ 34 ರೂಪಾಯಿ ಅಂತಿಟ್ಟುಕೊಂಡರೆ 221 ಅಂತ ಅವರು ಬಾಯಲ್ಲೇ ಹೇಳ್ತಾರೆ, ಅದನ್ನೇ ಕಾಗದದ ಮೇಲೆ ಮಾಡಿಸಿ. ದಶಮಾಂಶದಲ್ಲಿ ಎಲ್ಲರೂ ಒಂದೇ ಕಡೆ ಎಡವುತ್ತಾರೆ: 4.2 ಮತ್ತು 4.15ರಲ್ಲಿ 15 ದೊಡ್ಡದಾಗಿ ಕಾಣೋದರಿಂದ 4.15 ದೊಡ್ಡದು ಅಂತಾರೆ. 4 ರೂಪಾಯಿ 20 ಪೈಸೆ, 4 ರೂಪಾಯಿ 15 ಪೈಸೆ ಅನ್ನಿ, ಅವರೇ ತಿದ್ದಿಕೊಳ್ತಾರೆ. ಭಿನ್ನರಾಶಿಗೆ ಗುಂಟೆ ಇದೆ. ಎಕರೆಗೆ 40 ಗುಂಟೆ. ಅರ್ಧ ಎಕರೆಗೆ ಕಾಲು ಎಕರೆ ಸೇರಿದರೆ 20ಕ್ಕೆ 10, ಒಟ್ಟು 30 ಗುಂಟೆ, ಅಂದರೆ ಮುಕ್ಕಾಲು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 2/6 ಅಂತ ಬರೆದರೆ ‘ಅದು ಎಷ್ಟು ಗುಂಟೆ ಆಯ್ತು?’ ಅಂತ ಕೇಳಿ. ಹದಿಮೂರು ಚಿಲ್ಲರೆ. ಅರ್ಧ ಎಕರೆಗೆ ಜಮೀನು ಸೇರಿಸಿದ ಮೇಲೆ ಕಮ್ಮಿ ಆಗೋದು ಹೇಗೆ ಅಂತ ಅವರೇ ಕೇಳ್ತಾರೆ.

ಸಮಯಕ್ಕೆ ಒಂದು ವಾರ ಸುಮ್ಮನೆ ಗಮನಿಸಿ. ಹಾಲು ಕರೆಯೋದು, ಡೈರಿ, ಅಡುಗೆ, ಹೊಲ ಎಲ್ಲ ಕಳೆದು ದಿನಾ ಒಂದೇ ಹೊತ್ತಿಗೆ ಸಿಗೋ ಮುಕ್ಕಾಲು ಗಂಟೆ ಯಾವುದು ಅಂತ ನೋಡಿ. ವಾರಕ್ಕೆ ಆರು ದಿನ ಅಂದರೆ ನಾಲ್ಕೂವರೆ ಗಂಟೆ, 40 ವಾರಕ್ಕೆ 180 ಗಂಟೆ. ಎರಡು ವಿಷಯಕ್ಕೆ ಅದು ಸಾಕು. ನಾಟಿ, ಕೊಯ್ಲಿನ ವಾರಗಳನ್ನ ಮೊದಲೇ ರಜೆ ಅಂತ ಲೆಕ್ಕ ಹಿಡಿಯಿರಿ, ಇಲ್ಲದಿದ್ದರೆ ನಾಟಿ ಮುಗಿದ ಮೇಲೆ ‘ತಪ್ಪಿಹೋಯ್ತಲ್ಲ’ ಅಂತ ಅಲ್ಲಿಗೇ ನಿಂತುಬಿಡುತ್ತೆ.

ಅಪ್ಪನ ಹತ್ತಿರ ‘ಓದು ಮುಖ್ಯ’ ಅಂತ ವಾದ ಮಾಡಬೇಡಿ. ‘ಈಗ್ಯಾಕೆ’ ಅನ್ನೋದರ ಹಿಂದೆ ಸಾಮಾನ್ಯವಾಗಿ ಎರಡು ಪ್ರಶ್ನೆ ಇರುತ್ತೆ: ಮನೆ ಕೆಲಸ ಯಾರು ಮಾಡ್ತಾರೆ, ದುಡ್ಡೆಷ್ಟು. ಆ ಮುಕ್ಕಾಲು ಗಂಟೆ ಅಡುಗೆಮನೆ ನೀವು ನೋಡಿಕೊಳ್ಳಿ, ದನಕ್ಕೆ ಮೇವು ನೀವು ಹಾಕಿ. ಶುಲ್ಕ ಎಷ್ಟು ಅಂತ ಬರೆದು ತೋರಿಸಿ. ಮಂಡ್ಯಕ್ಕೋ ಮೈಸೂರಿಗೋ ಹೋಗಬೇಕಾಗಿ ಬಂದರೆ ಶಕ್ತಿ ಯೋಜನೆ ಇರೋದರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅಮ್ಮನಿಗೆ ಟಿಕೆಟ್ ದುಡ್ಡಿಲ್ಲ. ಊರಿಗೆ ಮೊದಲ ಫಲಿತಾಂಶ ಬರೋ ತನಕ ಹೇಳಲೇಬೇಕಾಗಿಲ್ಲ. ಇನ್ನು ನೀವು: ಮಗನೇ ಮೇಷ್ಟ್ರಾದರೆ ಕಷ್ಟ. ‘ಇಷ್ಟೂ ಗೊತ್ತಿಲ್ವಾ’ ಅನ್ನೋ ಒಂದು ಮಾತು ನಿಮ್ಮ ಬಾಯಿಂದ ಬಂದರೆ ತಿಂಗಳ ಕೆಲಸ ಹಾಳು. ಪರಿಚಯದ ನಿವೃತ್ತ ಟೀಚರ್ ಯಾರಾದರೂ ವಾರಕ್ಕೊಮ್ಮೆ ಕೂತರೆ ಅದೇ ಮೇಲು.

ಚಿಕ್ಕಮ್ಮನಿಗೆ ಅಮ್ಮನೇ ಕಲಿಸಲಿ, ಇಬ್ಬರಿಗೂ ಒಳ್ಳೇದು. ಅ ಆ ಇ ಈ ಕ್ರಮ ಬೇಡ. ಬರೆಯೋ ಆಕಾರ ಹೋಲುವ ರ, ಗ, ಸ, ದ, ಅ ಮೊದಲು. ಮೊದಲ ವಾರವೇ ಸರ, ದರ, ಅರಸ, ಗರಗಸ ಓದಿಬಿಡ್ತಾರೆ. ಆಮೇಲೆ ಜ, ವ, ಮ, ಬ, ನ. ಆಗ ಜನ, ಮರ, ದನ, ಮನ ಬರುತ್ತೆ. 15 ದಾಟಿದವರಿಗೆ ಉಲ್ಲಾಸ್ ಅನ್ನೋ ಸಾಕ್ಷರತಾ ಕಾರ್ಯಕ್ರಮ ಇದೆ; ಪಂಚಾಯ್ತಿಯಲ್ಲೋ ಶಾಲೆಯಲ್ಲೋ ಹೆಸರು ಬರೆಸಿ. ಕೊನೆಗೆ ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕದ ಪರೀಕ್ಷೆ, ಪ್ರಮಾಣಪತ್ರವೂ ಸಿಗುತ್ತೆ.

ಕಡೆಯದಾಗಿ ಕೈ. ವಿಷಯ ಗೊತ್ತಿದ್ದೂ ದೊಡ್ಡವರು ಪರೀಕ್ಷೆಯಲ್ಲಿ ಹಿಂದೆ ಬೀಳೋದು ಬೆರಳು ಹಿಡಿದುಕೊಳ್ಳೋದರಿಂದ. ಮೂವತ್ತು ವರ್ಷ ಸಹಿ ಬಿಟ್ಟು ಬೇರೇನೂ ಬರೆಯದ ಕೈ ಅದು. ಮೊದಲ ದಿನದಿಂದಲೇ ಅರ್ಧ ಪುಟ ಬರೆಸಿ, ಮೂರನೇ ತಿಂಗಳಿಗೆ ಎರಡು ಪುಟ. ಪೆನ್ನು ಸ್ವಲ್ಪ ದಪ್ಪ ಇರಲಿ, ಒತ್ತಿ ಹಿಡಿಯೋದು ಕಮ್ಮಿಯಾಗುತ್ತೆ. ಪರೀಕ್ಷೆಗೆ ಆರು ವಾರ ಇರುವಾಗ ಪ್ರತಿ ಭಾನುವಾರ ಹಳೇ ಪ್ರಶ್ನೆಪತ್ರಿಕೆ ಇಟ್ಟು ಗಡಿಯಾರ ನೋಡಿಕೊಂಡು ಪೂರ್ತಿ ಹೊತ್ತು ಕೂರಿಸಿ. ಮೊದಲ ಭಾನುವಾರ ಅರ್ಧಕ್ಕೇ ಎದ್ದುಬಿಟ್ಟರೂ ಪರವಾಗಿಲ್ಲ, ಎಷ್ಟು ನಿಮಿಷ ಕೂತರು ಅಂತ ಮಾತ್ರ ಬರೆದಿಟ್ಟುಕೊಂಡು ಮುಂದಿನ ಭಾನುವಾರ ಅದಕ್ಕಿಂತ ಹತ್ತು ನಿಮಿಷ ಹೆಚ್ಚು ಕೂರಿಸಿ.