ಪ್ರಯೋಗಾಲಯ ಬಿಟ್ಟು ಪಾಠಕ್ಕೆ ಹೋಗಲೇ?

ಪ್ರಶ್ನೆ: ನನಗೆ 39 ವರ್ಷ. ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಸಸ್ಯಕೋಶಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಕಳೆದ ವರ್ಷ ಹಾಸನದ ಕಡೆಯ ಪದವಿ ಕಾಲೇಜಿನಲ್ಲಿ ಕೆಲವು ಶನಿವಾರ ಬಿ.ಎಸ್ಸಿ. ತರಗತಿಗೆ ಪಾಠ ಮಾಡಿದೆ. ಆಸ್ಮಾಸಿಸ್‌ನ (ಕೋಶದ ತೆಳುಪೊರೆಯಂಥದರ ಮೂಲಕ ನೀರು ಉಪ್ಪು, ಸಕ್ಕರೆ ಹೆಚ್ಚಿರುವ ಕಡೆಗೆ ಹರಿಯುವ ಕ್ರಿಯೆ) ವ್ಯಾಖ್ಯೆಯನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಒಪ್ಪಿಸಿದ ಹುಡುಗಿಯೊಬ್ಬಳು, ಉಪ್ಪು ಬೆರೆಸಿದ ಮಾವಿನ ಹೋಳು ನೀರು ಬಿಡುವುದೇಕೆ ಎಂದು ಕೇಳಿದಾಗ ಸುಮ್ಮನಾದಳು. ಉತ್ತರ ಹೊಳೆದಾಗ ಅರಳಿದ ಅವಳ ಮುಖ ಮರೆಯಲಾಗುತ್ತಿಲ್ಲ. ಪಾಠಕ್ಕೇ ಹೋಗಿಬಿಡಬೇಕೆನಿಸಿದೆ. ‘ಇಷ್ಟು ಓದಿ ಡಿಗ್ರಿ ಮಕ್ಕಳಿಗೆ ಪಾಠವೇ?’ ಎಂದು ನನ್ನ ಪಿಎಚ್.ಡಿ. ಗೈಡ್ ನೊಂದುಕೊಂಡಿದ್ದಾರೆ.

ಉತ್ತರ: ನಿಮ್ಮ ಗೈಡ್ ಅವರ ನೋವಿನಲ್ಲಿ ಅಕ್ಕರೆಯಿದೆ, ಆದರೆ ಪದವಿ ತರಗತಿಯ ಪಾಠವನ್ನು ಕೆಳಗಿನ ಮೆಟ್ಟಿಲೆಂದು ಎಣಿಸುವ ಹಳೆಯ ಅಭ್ಯಾಸವೂ ಅದರಲ್ಲಿದೆ. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಅಮೆರಿಕದ ಕಾರ್ಲ್ ವೀಮನ್, ಮರುವರ್ಷವೇ ಕಂಪ್ಯೂಟರಿನಲ್ಲಿ ಪ್ರಯೋಗ ಮಾಡಿ ಕಲಿಯುವ ‘ಫೆಟ್’ ಯೋಜನೆಯನ್ನು ಆರಂಭಿಸಿ, ಮುಂದೆ ವಿದ್ಯಾರ್ಥಿಗಳು ವಿಜ್ಞಾನ ಕಲಿಯುವ ಬಗೆಯನ್ನೇ ತಮ್ಮ ಸಂಶೋಧನೆಯ ವಿಷಯವಾಗಿಸಿಕೊಂಡರು. ಸಂಶೋಧನೆಗೇ ಹೆಸರಾದ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೂ 2011ರಲ್ಲಿ ಪದವಿ ತರಗತಿ ತೆರೆಯಿತು.

ನನ್ನ ಅಳುಕು ಬೇರೆಯದು. ಪ್ರಾಜೆಕ್ಟಿಗೆ ಹಣ ಬರಲಿಲ್ಲವೆಂಬ ಬೇಸರವೇ ನಿಮ್ಮನ್ನು ತರಗತಿಯತ್ತ ನೂಕುತ್ತಿದ್ದರೆ, ಆ ಬೇಸರ ಅಲ್ಲಿಗೂ ಬೆನ್ನು ಹತ್ತಿ ಬರುತ್ತದೆ. ಶನಿವಾರದ ಅತಿಥಿಗೆ ಹುಡುಗರ ಉತ್ಸಾಹ ಮಾತ್ರ ಕಾಣುತ್ತದೆ (ಅತಿಥಿಗೆ ಎಲ್ಲ ಮನೆಯೂ ಚೊಕ್ಕಟ). ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿ ನಿಯಮದಂತೆ ವಾರಕ್ಕೆ 16 ಗಂಟೆ ಬೋಧನೆ. ಅದರ ಮೇಲೆ ಇಂಟರ್ನಲ್ಸ್, ಹಾಜರಾತಿ, ಉತ್ತರಪತ್ರಿಕೆಗಳ ಕಟ್ಟು. ಅತಿಥಿ ಉಪನ್ಯಾಸಕರಾಗಿ ಸೇರುವುದಾದರೆ ಈಗಿನ ಸಂಬಳವೂ ಭದ್ರತೆಯೂ ಇರುವುದಿಲ್ಲ. ಇದನ್ನು ಮನೆಯವರೊಂದಿಗೆ ಕೂತು ಲೆಕ್ಕ ಹಾಕಿ.

ಸಾಧ್ಯವಾದರೆ ರಜೆ ಪಡೆದು ಒಂದು ಸೆಮಿಸ್ಟರನ್ನು ಮೊದಲ ಯೂನಿಟ್ಟಿನಿಂದ ಪರೀಕ್ಷೆಯವರೆಗೆ ನೀವೇ ನಡೆಸಿ. ಮಾವಿನ ಹೋಳಿನಂಥ ಪ್ರಶ್ನೆಗಳನ್ನು ಪಾಠಕ್ಕೆ ಮೊದಲೊಮ್ಮೆ, ತಿಂಗಳ ನಂತರ ಇನ್ನೊಮ್ಮೆ ಕೇಳಿ, ಉತ್ತರಗಳನ್ನು ಲ್ಯಾಬ್ ನೋಟ್‌ಬುಕ್ಕಿನಷ್ಟೇ ಕಟ್ಟುನಿಟ್ಟಾಗಿ ಬರೆದಿಡಿ. 225 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2014ರ ವಿಶ್ಲೇಷಣೆಯೊಂದು, ತಾವೇ ಚರ್ಚಿಸಿ, ಬಿಡಿಸಿ ಕಲಿಯುವವರಿಗಿಂತ ಬರೀ ಉಪನ್ಯಾಸ ಕೇಳುವವರು ಫೇಲಾಗುವ ಸಾಧ್ಯತೆ ಒಂದೂವರೆ ಪಟ್ಟು ಎಂದು ತೋರಿಸಿತು. ನಿಮ್ಮ ತರಗತಿಯಲ್ಲಿ ಏನಾಗುತ್ತದೆಂದು ನೀವೇ ನೋಡಬಹುದು. ಮುಖ್ಯವಾಗಿ, ಆ ಹುಡುಗಿಯನ್ನಲ್ಲ, ಹಿಂದಿನ ಬೆಂಚಿನಲ್ಲಿ ಬಾಯಿಯೇ ಬಿಡದ ಹುಡುಗನನ್ನು ಗಮನಿಸಿ. ಡಿಸೆಂಬರಿನಲ್ಲೂ ಅವನ ಉತ್ತರಪತ್ರಿಕೆಯನ್ನು ಕುತೂಹಲದಿಂದ ತೆರೆಯುವಂತಿದ್ದರೆ ರಾಜೀನಾಮೆ ಬರೆಯಿರಿ, ಅಲ್ಲಿಯವರೆಗೆ ಬೇಡ.